ಹಳೆ ಸಿಪ್ಯಾಪ್ ಬದಲಿಸುವಾಗ: ಯಾವ ಮಷೀನು ತಗೊಳ್ಳೋದು, ಸೆಟ್ಟಿಂಗ್ ಯಾರು ಮಾಡೋದು?

ನಿದ್ದೆಯಲ್ಲಿ ಗಂಟಲು ಕುಸಿದು ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇರುವವರಿಗೆ ಮಾಸ್ಕಿನ ಮೂಲಕ ಗಾಳಿ ಊದುವ ಮಷೀನೇ ಸಿಪ್ಯಾಪ್. ಹೊಸ ಮಷೀನು ಬಂದ ಮೊದಲ ರಾತ್ರಿ ನಾನು ಮೂರು ಸಲ ಎದ್ದು ಮಾಸ್ಕ್ ಕಿತ್ತು ಹಾಕಿದೆ. ಗಾಳಿಯೇ ಸಾಲುತ್ತಿಲ್ಲ ಅನ್ನಿಸುತ್ತಿತ್ತು. ಮೂರನೇ ದಿನ ಮಧ್ಯಾಹ್ನ ಕುರ್ಚಿಯಲ್ಲೇ ತೂಕಡಿಸಿದೆ. ಆಮೇಲೆ ನೋಡಿದರೆ ವಿಷಯ ಇಷ್ಟೇ: ಹಳೆ ಮಷೀನಿನಲ್ಲಿ ಒತ್ತಡ 9ರಿಂದ 13ರ ನಡುವೆ ಇತ್ತು. ಹೊಸದನ್ನು ಕೊಟ್ಟವರು ಡಬ್ಬಿಯಿಂದ ತೆಗೆದು ಹಾಗೇ ಕೊಟ್ಟಿದ್ದರು, 4ರಿಂದ 20. ಮಷೀನಿನದ್ದೇನೂ ತಪ್ಪಿರಲಿಲ್ಲ. ಅದಕ್ಕೆ ನನ್ನ ಗುರುತೇ ಇರಲಿಲ್ಲ.

ಹೊಸ ಮಷೀನು ಆರಿಸುವಾಗ ಬಹಳ ಜನ ಕಂಪನಿ ಯಾವುದು, ಸದ್ದು ಎಷ್ಟು, ಪರದೆ ಚೆನ್ನಾಗಿದೆಯಾ ಅಂತ ನೋಡುತ್ತಾರೆ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಬೇರೆ. ರಾತ್ರಿ ಏನಾಯಿತು ಅಂತ ಇದು ನನಗೆ ಬಿಡಿಸಿ ತೋರಿಸುತ್ತದೆಯಾ? ಗಾಳಿ ಊದುವ ಕೆಲಸವನ್ನು ಎಲ್ಲ ಮಷೀನುಗಳೂ ಮಾಡುತ್ತವೆ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಈ ಚಿಕಿತ್ಸೆಯ ಬಗ್ಗೆ ಮೊದಲು ಬರೆದಾಗ ಇದ್ದ ತತ್ವವೇ ಇವತ್ತಿಗೂ ಇರುವುದು: ಗಂಟಲು ಕುಸಿಯದ ಹಾಗೆ ಗಾಳಿಯನ್ನೇ ಊರುಗೋಲು ಮಾಡುವುದು. ಆಮೇಲೆ ಬದಲಾಗಿದ್ದು ಮುಖ್ಯವಾಗಿ ಮಷೀನಿನ ಲೆಕ್ಕಪತ್ರ ಮತ್ತು ಅದರ ಬುದ್ಧಿ.

ಮೊದಲು: ಹಳೆಯದು ನಿಜವಾಗಿ ಮುಗಿದಿದೆಯಾ?

ರೆಸ್‌ಮೆಡ್ ಕಂಪನಿಯ ಏರ್‌ಸೆನ್ಸ್ 10 ಮಷೀನಿನಲ್ಲಿ ಮೋಟಾರು 20,000 ಗಂಟೆ ಓಡಿದ ಮೇಲೆ ಅದರ ಆಯಸ್ಸು ಮೀರಿತು ಎಂಬ ಸಂದೇಶ ಬರುತ್ತದೆ. ದಿನಕ್ಕೆ 8 ಗಂಟೆ ಅಂದರೂ ಹತ್ತಿರಹತ್ತಿರ 7 ವರ್ಷ. ಸಂದೇಶ ಬಂದ ರಾತ್ರಿಯೇ ಮಷೀನು ನಿಲ್ಲುವುದಿಲ್ಲ. ಬದಲಿಸುವ ಯೋಚನೆ ಶುರು ಮಾಡಿ ಅಂತ ಅರ್ಥ, ಅಷ್ಟೇ. ಹಾಗೆಯೇ ಗಾಳಿ ಕಡಿಮೆ ಬರುತ್ತಿದೆ ಅನ್ನಿಸಿದ ಕೂಡಲೇ ಮೋಟಾರನ್ನು ಬೈಯಬೇಡಿ. ಫಿಲ್ಟರ್ ಕಟ್ಟಿಕೊಂಡಿರಬಹುದು, ಪೈಪಿನಲ್ಲಿ ಸಣ್ಣ ತೂತು ಬಿದ್ದಿರಬಹುದು, ನೀರಿನ ತೊಟ್ಟಿಯ ರಬ್ಬರ್ ಸಡಿಲವಾಗಿರಬಹುದು, ಮಾಸ್ಕಿನ ಸಿಲಿಕೋನ್ ಮೆತ್ತಗಾಗಿರಬಹುದು. ಇವನ್ನೆಲ್ಲ ಬದಲಿಸಿದ ಮೇಲೂ ಕೀರಲು ಸದ್ದು ನಿಲ್ಲದಿದ್ದರೆ ಅಥವಾ ಒತ್ತಡ ತಾನೇ ತಾನಾಗಿ ಇಳಿಯುತ್ತಿದ್ದರೆ ಆಗ ಮಷೀನಿನ ಸರದಿ.

ಒಂದು ವಿಷಯದಲ್ಲಿ ಮಾತ್ರ ಕಾಯಬಾರದು. 2021ರ ಜೂನ್‌ನಲ್ಲಿ ಫಿಲಿಪ್ಸ್ ರೆಸ್ಪಿರಾನಿಕ್ಸ್ ತನ್ನ ಲಕ್ಷಾಂತರ ಮಷೀನುಗಳನ್ನು ವಾಪಸ್ ಕರೆಯಿತು. ಮೊದಲ ತಲೆಮಾರಿನ ಡ್ರೀಮ್‌ಸ್ಟೇಷನ್ ಕೂಡ ಅದರಲ್ಲಿತ್ತು. ಸದ್ದು ಅಡಗಿಸಲು ಒಳಗೆ ಹಾಕಿದ್ದ ಪಾಲಿಯುರೆಥೇನ್ ಫೋಮ್ ಕಾಲಕ್ರಮೇಣ ಪುಡಿಯಾಗಿ ಉಸಿರಿನ ದಾರಿಗೆ ಬರಬಹುದು ಎಂಬುದು ಕಾರಣ. ಓಝೋನ್ ಬಳಸಿ ಶುಚಿ ಮಾಡಿದರೆ ಫೋಮ್ ಇನ್ನೂ ಬೇಗ ಹಾಳಾಗಬಹುದು ಅಂತಲೂ ಆಗ ಎಚ್ಚರಿಸಿದ್ದರು. ನಿಮ್ಮ ಬಳಿ ಅಥವಾ ನಿಮಗೆ ಯಾರಾದರೂ ಕೊಡಲು ಬಂದವರ ಬಳಿ ಇಂಥದ್ದು ಇದ್ದರೆ ಸೀರಿಯಲ್ ನಂಬರ್ ಪರೀಕ್ಷಿಸಿ, ನಿಮ್ಮ ವೈದ್ಯರ ಹತ್ತಿರ ಬದಲಿ ವ್ಯವಸ್ಥೆ ಮಾತಾಡಿ.

ಹಳೆಯದನ್ನು ಮೂಲೆಗೆ ಇಡುವ ಮೊದಲು ಅದರ ಜಾತಕ ಬರೆದಿಟ್ಟುಕೊಳ್ಳಿ. ಯಾವ ಮೋಡ್, ಕನಿಷ್ಠ ಒತ್ತಡ, ಗರಿಷ್ಠ ಒತ್ತಡ, ರ‍್ಯಾಂಪ್ ಎಷ್ಟು ನಿಮಿಷ (ಶುರುವಿನಲ್ಲಿ ಒತ್ತಡ ನಿಧಾನವಾಗಿ ಏರುವ ಸಮಯ), ಉಸಿರು ಬಿಡುವಾಗಿನ ಸಡಿಲಿಕೆ ಎಷ್ಟು, ತೇವಾಂಶದ ಮಟ್ಟ, ಯಾವ ಮಾಸ್ಕ್ ಅಂತ ಆರಿಸಿದೆ. ಪರದೆಯ ಫೋಟೋ ಹೊಡೆದುಕೊಂಡರೂ ಸಾಕು. ಜೊತೆಗೆ ಕಳೆದ ಒಂದು ತಿಂಗಳ ಎಎಚ್‌ಐ (ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿತು ಎಂಬ ಲೆಕ್ಕ) ಮತ್ತು ಮಾಸ್ಕಿನ ಸೋರಿಕೆಯ ಅಂಕಿ. ನಾನು ಈ 5 ನಿಮಿಷದ ಕೆಲಸ ಮಾಡದೆ ಮೂರು ರಾತ್ರಿ ಕಳಕೊಂಡೆ.

ಸ್ಥಿರ, ಆಟೋ, ಬೈಲೆವೆಲ್

ಸ್ಥಿರ ಒತ್ತಡದ ಸಿಪ್ಯಾಪ್ ರಾತ್ರಿಯಿಡೀ ಒಂದೇ ಮಟ್ಟದಲ್ಲಿ ಊದುತ್ತದೆ. ಲ್ಯಾಬಿನಲ್ಲಿ ಒಂದು ರಾತ್ರಿ ಪರೀಕ್ಷೆ ಮಾಡಿ ‘ನಿಮಗೆ 10’ ಅಂತ ಬರೆದುಕೊಟ್ಟರೆ 10. ಈ ಅಂಕಿಯ ಅಳತೆ ಸೆಂಟಿಮೀಟರ್ ನೀರು. ಅಂದರೆ 10 ಸೆಂ.ಮೀ. ನೀರು ನಿಂತಾಗ ತಳಕ್ಕೆ ಬೀಳುವಷ್ಟು ಒತ್ತಡ. ಅಷ್ಟು ಸಣ್ಣದು. ಆದರೂ ಒಂದು ಸೆಂ.ಮೀ. ಹೆಚ್ಚುಕಡಿಮೆ ಆದರೆ ನಿದ್ದೆಯ ಕಥೆಯೇ ಬೇರೆ.

ಆಟೋ ಮಷೀನು, ಅಂದರೆ ಎಪ್ಯಾಪ್, ನಿಮ್ಮ ಉಸಿರನ್ನು ಗಮನಿಸುತ್ತಾ ಕೊಟ್ಟ ಮಿತಿಯೊಳಗೆ ಒತ್ತಡ ಏರಿಸಿ ಇಳಿಸುತ್ತದೆ. ಸಾಮಾನ್ಯವಾಗಿ 4ರಿಂದ 20ರವರೆಗೆ ಅದರ ವ್ಯಾಪ್ತಿ. ಅಂಗಾತ ಮಲಗಿದಾಗ ಜಾಸ್ತಿ ಬೇಕು, ಮಗ್ಗುಲಾದಾಗ ಕಡಿಮೆ ಸಾಕು ಅನ್ನುವವರಿಗೆ ಇದು ಹೇಳಿ ಮಾಡಿಸಿದ್ದು. ತೂಕ ಇಳಿದಾಗ, ಮೂಗು ಕಟ್ಟಿದಾಗಲೂ ಅನುಕೂಲ. ಆಟೋ ಮಷೀನನ್ನು ಸ್ಥಿರ ಮೋಡಿಗೂ ಹಾಕಬಹುದು. ಸ್ಥಿರ ಮಷೀನನ್ನು ಆಟೋ ಮಾಡಲಾಗದು. ಆದ್ದರಿಂದ ಎರಡರ ನಡುವೆ ಆರಿಸುವ ಅವಕಾಶ ಇದ್ದರೆ ಆಟೋ ತಗೊಳ್ಳಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಬೈಲೆವೆಲ್ ಬೇರೆ ದಾರಿ. ಉಸಿರೆಳೆಯುವಾಗ ಒಂದು ಒತ್ತಡ, ಬಿಡುವಾಗ ಅದಕ್ಕಿಂತ ಕಡಿಮೆ ಇನ್ನೊಂದು. 15ರ ಮೇಲೆ ಒತ್ತಡ ಬೇಕಾಗಿ, ಗಾಳಿಗೆ ಎದುರಾಗಿ ಉಸಿರು ಬಿಡಲಾಗದೆ ಒದ್ದಾಡುವವರು, ಹೊಟ್ಟೆಗೆ ಗಾಳಿ ತುಂಬಿ ಬೆಳಿಗ್ಗೆ ಉಬ್ಬರದಲ್ಲಿ ಏಳುವವರು ವೈದ್ಯರ ಬಳಿ ಇದರ ಬಗ್ಗೆ ಕೇಳಬೇಕು. ಸುಮ್ನೆ ‘ಇನ್ನೂ ದೊಡ್ಡ ಮಷೀನು’ ಅಂತ ತರುವ ವಸ್ತು ಇದಲ್ಲ.

ಅದಕ್ಕಿಂತ ಮೇಲೆ ಎಎಸ್‌ವಿ ಅಂತ ಒಂದಿದೆ. ಮೆದುಳೇ ಉಸಿರಾಡು ಅನ್ನುವ ಸಂದೇಶ ಕಳಿಸಲು ಮರೆಯುವ ಸೆಂಟ್ರಲ್ ಆಪ್ನಿಯಾಗೆ ಅದನ್ನು ಬಳಸುತ್ತಾರೆ. 2015ರಲ್ಲಿ ಪ್ರಕಟವಾದ ಸರ್ವ್-ಎಚ್‌ಎಫ್ ಅಧ್ಯಯನದಲ್ಲಿ, ಹೃದಯದ ಪಂಪ್ ಶಕ್ತಿ 45 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ಇದ್ದು, ಮುಖ್ಯವಾಗಿ ಸೆಂಟ್ರಲ್ ಆಪ್ನಿಯಾ ಇದ್ದ ಹೃದ್ರೋಗಿಗಳಲ್ಲಿ ಈ ಚಿಕಿತ್ಸೆ ಪಡೆದವರ ಹೃದಯಸಂಬಂಧಿ ಸಾವು ಹೆಚ್ಚಿತ್ತು. ಇಂಥ ಮಷೀನನ್ನು ಸೆಕೆಂಡ್ ಹ್ಯಾಂಡ್ ಸಿಕ್ಕಿತು ಅಂತ ತಂದು ಮುಖಕ್ಕೆ ಹಾಕಿಕೊಳ್ಳಬಾರದು. ಖಂಡಿತ ಬಾರದು.

ಕಂಪನಿ ಬದಲಾದರೆ ಅಂಕಿಯ ಭಾಷೆಯೂ ಬದಲಾಗುತ್ತದೆ

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಒಂದು ಕಂಪನಿಯ ಮಷೀನಿನಿಂದ ಇನ್ನೊಂದಕ್ಕೆ ಹೋದಾಗ ಅದೇ ಅಂಕಿ ಹಾಕಿದರೂ ಅದೇ ಅನುಭವ ಬರುವುದಿಲ್ಲ.

ಸೋರಿಕೆಯನ್ನೇ ತಗೊಳ್ಳಿ. ಮಾಸ್ಕಿನಲ್ಲಿ ಬಿಟ್ಟ ಉಸಿರು ಹೊರಗೆ ಹೋಗಲು ಬೇಕೆಂದೇ ತೂತುಗಳಿರುತ್ತವೆ. ಫಿಲಿಪ್ಸ್ ಮಷೀನುಗಳು ದಾಖಲಿಸುವ ಒಟ್ಟು ಸೋರಿಕೆಯಲ್ಲಿ ಈ ತೂತಿನ ಗಾಳಿಯೂ ಸೇರಿರುತ್ತದೆ. ರೆಸ್‌ಮೆಡ್ ಅದನ್ನು ಕಳೆದು, ಬೇಡದ ಸೋರಿಕೆಯನ್ನು ಮಾತ್ರ ತೋರಿಸುತ್ತದೆ. ಅಲ್ಲಿ ನಿಮಿಷಕ್ಕೆ 35 ಲೀಟರ್ ಅಂತ ಕಂಡದ್ದು ಇಲ್ಲಿ ಬರೀ 3 ಲೀಟರ್ ಆಗಿರಬಹುದು. ಎರಡೂ ಒಂದೇ ರಾತ್ರಿ. ರೆಸ್‌ಮೆಡ್‌ನಲ್ಲಿ 24 ಲೀಟರ್ ದಾಟಿದರೆ ಅದು ಜಾಸ್ತಿ ಸೋರಿಕೆ. ಆ ಮಟ್ಟದಲ್ಲಿ ಮಷೀನಿನ ಉಳಿದ ಲೆಕ್ಕವನ್ನೂ ನಂಬಲಾಗದು.

ಉಸಿರು ಬಿಡುವಾಗಿನ ಸಡಿಲಿಕೆಯಲ್ಲೂ ಇದೇ ಕಥೆ. ರೆಸ್‌ಮೆಡ್‌ನ ಇಪಿಆರ್ 3 ಅಂದರೆ ಉಸಿರು ಬಿಡುವಾಗ ಒತ್ತಡ 3 ಸೆಂ.ಮೀ. ಇಳಿಯುತ್ತದೆ. ಒತ್ತಡ 10 ಇದ್ದರೆ ಆಗ ಗಂಟಲಿಗೆ ಸಿಗುವುದು 7. ಫಿಲಿಪ್ಸ್‌ನ ಸಿ-ಫ್ಲೆಕ್ಸ್‌ನಲ್ಲೂ 1, 2, 3 ಅಂತ ಇದೆ. ಆದರೆ ಅವು ಸೆಂ.ಮೀ. ಲೆಕ್ಕವಲ್ಲ. ನೀವು ಎಷ್ಟು ಜೋರಾಗಿ ಉಸಿರು ಬಿಡುತ್ತೀರಿ ಅನ್ನುವುದಕ್ಕೆ ತಕ್ಕಂತೆ ಸ್ವಲ್ಪ ಹೊತ್ತು ಸಡಿಲಾಗಿ ಮತ್ತೆ ಮೇಲೇರುತ್ತದೆ. ಫಿಲಿಪ್ಸ್‌ನಲ್ಲಿ 3 ಇಟ್ಟು ಸುಖವಾಗಿದ್ದವರು ರೆಸ್‌ಮೆಡ್‌ನಲ್ಲೂ 3 ಇಟ್ಟರೆ ಗಂಟಲು ಕುಸಿಯಲು ಶುರುವಾಗಬಹುದು. ಆಗ ಇಪಿಆರ್ ಇಳಿಸಬೇಕು, ಇಲ್ಲವೇ ಕನಿಷ್ಠ ಒತ್ತಡ ಸ್ವಲ್ಪ ಏರಿಸಬೇಕು.

ವರದಿಯಲ್ಲಿ ರೆಸ್‌ಮೆಡ್ 95 ಶೇಕಡಾ ಒತ್ತಡ ಬರೆಯುತ್ತದೆ, ಅಂದರೆ ರಾತ್ರಿಯ 95 ಶೇಕಡಾ ಸಮಯ ಒತ್ತಡ ಯಾವ ಅಂಕಿಯನ್ನು ಮೀರಲಿಲ್ಲವೋ ಅದು. ಫಿಲಿಪ್ಸ್ 90 ಶೇಕಡಾ ಸಮಯದ್ದು ಬರೆಯುತ್ತದೆ. ಆಟೋ ಮೋಡಿನಲ್ಲಿ ರೆಸ್‌ಮೆಡ್ ಬೇಗ ಏರಿಬಿಡುತ್ತದೆ, ಫಿಲಿಪ್ಸ್ ತಡಕಾಡುತ್ತಾ ನಿಧಾನವಾಗಿ ಏರುತ್ತದೆ. ಗಾಳಿ ಏರುವಾಗಲೇ ಎಚ್ಚರ ಆಗುವವರಿಗೆ ಎರಡನೆಯದು ಹಿತ. ಗಂಟಲು ಥಟ್ಟಂತ ಮುಚ್ಚಿಕೊಳ್ಳುವವರಿಗೆ ಮೊದಲನೆಯದು.

ಲೆಕ್ಕ ತೋರಿಸದ ಮಷೀನು ಬೇಡ

ಫೋನಿನ ಆ್ಯಪ್‌ನಲ್ಲಿ ‘ನಿನ್ನೆ 92 ಅಂಕ’ ಅಂತ ನಗುಮುಖ ಬರುತ್ತದೆ. ಆ ಅಂಕದ ಬಹುಪಾಲು ನೀವು ಎಷ್ಟು ಗಂಟೆ ಮಾಸ್ಕ್ ಹಾಕಿದ್ದಿರಿ ಅನ್ನುವುದಕ್ಕೆ ಸಿಗುವುದು. ಅದರಿಂದ ಒತ್ತಡ ತಿದ್ದಲಾಗದು. ಬೇಕಾದದ್ದು ಎಸ್‌ಡಿ ಕಾರ್ಡ್. ಅದರಲ್ಲಿ ಒಂದೊಂದು ಉಸಿರಿನ ಗೆರೆಯೂ ದಾಖಲಾಗುತ್ತದೆ. ಅದನ್ನು ಓದಲು ಆಸ್ಕರ್ ಎಂಬ ಉಚಿತ, ಮುಕ್ತ ತಂತ್ರಾಂಶ ಇದೆ. ಸ್ಲೀಪಿಹೆಡ್ ಎಂಬ ಹಳೆ ತಂತ್ರಾಂಶದ ಮುಂದುವರಿಕೆ ಅದು. ಎಷ್ಟು ಗಂಟೆಗೆ ಗಂಟಲು ಮುಚ್ಚಿತು, ಆಗ ಒತ್ತಡ ಎಷ್ಟಿತ್ತು, ಸೋರಿಕೆ ಇತ್ತಾ ಅಂತ ಒಂದೇ ಪರದೆಯಲ್ಲಿ ಮೇಲೆ ಕೆಳಗೆ ಹೊಂದಿಸಿ ನೋಡಬಹುದು.

ಕಾರ್ಡ್ ಕಂಪ್ಯೂಟರಿಗೆ ಹಾಕುವ ಮೊದಲು ಅದರ ಪಕ್ಕದ ಸಣ್ಣ ಲಾಕ್ ಹಾಕಿ. ಇಲ್ಲದಿದ್ದರೆ ಕಂಪ್ಯೂಟರು ಅದರ ಮೇಲೆ ಏನೇನೋ ಬರೆದು ಮಷೀನಿಗೆ ತಲೆ ಕೆಡುತ್ತದೆ. ವಾಪಸ್ ಹಾಕುವಾಗ ಲಾಕ್ ತೆಗೆಯಲು ಮರೆಯಬೇಡಿ. (ನಾನು ಮರೆತಿದ್ದೇನೆ. ಒಂದು ರಾತ್ರಿಯ ಲೆಕ್ಕ ಹೋಯಿತು.)

ಪ್ರಯಾಣದ ಪುಟಾಣಿ ಮಷೀನುಗಳು ಸೋಲುವುದು ಇಲ್ಲೇ. ರೆಸ್‌ಮೆಡ್‌ನ ಏರ್‌ಮಿನಿ ಬರೀ 300 ಗ್ರಾಂ, ಅಂಗೈಯಲ್ಲಿ ಕೂರುತ್ತದೆ. ಆದರೆ ಅದಕ್ಕೆ ಎಸ್‌ಡಿ ಕಾರ್ಡ್ ಇಲ್ಲ, ನೀರಿನ ತೊಟ್ಟಿ ಇಲ್ಲ, ಎಲ್ಲ ಮಾಸ್ಕೂ ನೇರವಾಗಿ ಹೊಂದುವುದಿಲ್ಲ, ಮನೆಯ ಮಷೀನಿಗಿಂತ ಸದ್ದೂ ಜಾಸ್ತಿ. ತಿಂಗಳಲ್ಲಿ ಹತ್ತು ದಿನ ಊರೂರು ಸುತ್ತುವವರಿಗೆ ಎರಡನೆಯ ಮಷೀನಾಗಿ ಒಳ್ಳೆಯದು. ಇರುವ ಒಂದೇ ಮಷೀನು ಅದಾಗಬಾರದು.

ಸೆಕೆಂಡ್ ಹ್ಯಾಂಡ್ ಬಗ್ಗೆ ಚಿಕ್ಕದಾಗಿ: ಓಡಿದ ಗಂಟೆ ಎಷ್ಟು ಅಂತ ಮೆನುವಿನಲ್ಲೇ ನೋಡಿ. ಸಿಗರೇಟಿನ ವಾಸನೆ ಇದ್ದರೆ ಬಿಡಿ, ಅದು ಹೋಗುವುದಿಲ್ಲ. ಮಾಸ್ಕ್, ಪೈಪ್, ಫಿಲ್ಟರ್, ನೀರಿನ ತೊಟ್ಟಿ ಎಲ್ಲವೂ ಹೊಸದೇ ಬೇಕು. ಹಿಂದಿನವರ ಸೆಟ್ಟಿಂಗ್ ಅಳಿಸಿ ನಿಮ್ಮದು ಹಾಕದೆ ಒಂದು ರಾತ್ರಿಯೂ ಬಳಸಬಾರದು.

ಸೆಟ್ಟಿಂಗ್: ವೈದ್ಯರು, ಮಷೀನು, ಅಥವಾ ನೀವು

ಮೂರು ದಾರಿಗಳಿವೆ. ವೈದ್ಯರ ಕಡೆಯವರು ದೂರದಿಂದಲೇ ಮಷೀನಿನ ಮೋಡೆಮ್ ಮೂಲಕ ತಿದ್ದುವುದು ಒಂದು. ಇದು ಸುರಕ್ಷಿತ. ಆದರೆ ಅವರು ಹೆಚ್ಚಾಗಿ ನೋಡುವುದು ತಿಂಗಳ ಸರಾಸರಿ. ಎಎಚ್‌ಐ 5ಕ್ಕಿಂತ ಕೆಳಗಿದ್ದರೆ ಎಲ್ಲ ಸರಿ ಅಂತ ಮುಂದೆ ಹೋಗುತ್ತಾರೆ. ಎಎಚ್‌ಐ ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ. ಪರೀಕ್ಷೆಯಲ್ಲಿ 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ಸರಾಸರಿ 4 ಇದ್ದೂ ಬೆಳಗಿನ ಜಾವದ ಒಂದು ಗಂಟೆಯಲ್ಲೇ 20 ಸಲ ಉಸಿರು ಕಟ್ಟಿರಬಹುದು. ಸರಾಸರಿಯಲ್ಲಿ ಅದು ಕಾಣುವುದಿಲ್ಲ.

ಎರಡನೆಯದು ಮಷೀನಿಗೇ ಬಿಡುವುದು, 4ರಿಂದ 20. ಕೇಳಲು ಚೆನ್ನ. ಆದರೆ ಆಟೋ ಮಷೀನು ತೊಂದರೆಯ ಸುಳಿವು ಕಂಡ ಮೇಲೆ ತಾನೇ ಏರುವುದು? 4ರಲ್ಲಿ ಕೂತಿದ್ದು ನಿಮಗೆ ಬೇಕಾದ 10ಕ್ಕೆ ತಲುಪುವಷ್ಟರಲ್ಲಿ ನಾಲ್ಕಾರು ಸಲ ಗಂಟಲು ಮುಚ್ಚಿ ಆಗಿರುತ್ತದೆ. ಅದೂ ಅಲ್ಲದೆ, ದೊಡ್ಡವರಲ್ಲಿ ಬಹಳ ಜನಕ್ಕೆ 4 ಅಂದರೆ ಉಸಿರು ಕಟ್ಟಿದ ಹಾಗೆ. ಹೊಸಬರು ಮೊದಲ ವಾರವೇ ಮಷೀನು ಮೂಲೆಗೆಸೆಯಲು ಈ ಒಂದು ಅಂಕಿಯೂ ಕಾರಣ ಅಂತ ನನ್ನ ಅನುಮಾನ.

ಮೂರನೆಯದು ನೀವೇ ತಿದ್ದುವುದು. ಇದು ಹುಚ್ಚು ಸಾಹಸವೇನಲ್ಲ. 2003ರಲ್ಲಿ ಪ್ರಕಟವಾದ, 18 ರೋಗಿಗಳ ಮೇಲೆ ನಡೆದ ಒಂದು ಕೆನಡಾದ ಅಧ್ಯಯನದಲ್ಲಿ, ಮನೆಯಲ್ಲೇ ತಮ್ಮ ಒತ್ತಡ ತಾವೇ ಹೊಂದಿಸಿಕೊಂಡಾಗಲೂ ಲ್ಯಾಬಿನಲ್ಲಿ ಹೊಂದಿಸಿದಷ್ಟೇ ಫಲ ಸಿಕ್ಕಿತ್ತು. ಸಣ್ಣ ಅಧ್ಯಯನ, ನಿಜ. ಆದರೆ ಒತ್ತಡ ಎಂಬುದು ಔಷಧಿಯ ಡೋಸ್ ಇದ್ದ ಹಾಗೆ. ಬದಲಿಸಿದ್ದನ್ನು ವೈದ್ಯರಿಗೆ ಹೇಳಿ, ಮುಚ್ಚಿಡಬೇಡಿ.

ಕೆಲವರು ಈ ದಾರಿಗೆ ಬರಲೇಬಾರದು. ಹೃದಯ ವೈಫಲ್ಯ ಇರುವವರು, ಶ್ವಾಸಕೋಶದ ಸಿಒಪಿಡಿ ಇರುವವರು, ಮಷೀನಿನ ಜೊತೆ ಆಮ್ಲಜನಕ ತಗೊಳ್ಳುವವರು, ನರ ಅಥವಾ ಸ್ನಾಯುವಿನ ಕಾಯಿಲೆಯವರು, ಓಪಿಯಾಯ್ಡ್ ನೋವಿನ ಮಾತ್ರೆ ತಗೊಳ್ಳುವವರು, ಸೆಂಟ್ರಲ್ ಆಪ್ನಿಯಾ ಅಂತ ಗೊತ್ತಾದವರು, ಬೈಲೆವೆಲ್ ಅಥವಾ ಎಎಸ್‌ವಿ ಬಳಸುವವರು, ಮಕ್ಕಳು. ಇವರ ಸೆಟ್ಟಿಂಗ್ ಮನೆಯಲ್ಲಿ ಮುಟ್ಟಬಾರದು.

ನೀವೇ ಮಾಡುವುದಾದರೆ, ಯಾವುದು ಮೊದಲು?

ಮೊದಲು ಮಾಸ್ಕ್. ಒತ್ತಡ ಅಲ್ಲ. ಸೋರುವ ಮಾಸ್ಕಿಗೆ ಒತ್ತಡ ಏರಿಸಿದರೆ ಇನ್ನೂ ಸೋರುತ್ತದೆ, ಅಷ್ಟೇ. ಮಲಗಿಕೊಂಡು, ಗಾಳಿ ಬರುತ್ತಿರುವಾಗಲೇ ಪಟ್ಟಿ ಸರಿ ಮಾಡಿ. ಕೂತು ಬಿಗಿದದ್ದು ಮಲಗಿದಾಗ ಸರಿಯುತ್ತದೆ. ಬೆಳಿಗ್ಗೆ ಬಾಯಿ ಒಣಗಿ ಮರಗಟ್ಟಿದ್ದರೆ ಬಾಯಿಂದ ಗಾಳಿ ಹೋಗುತ್ತಿದೆ ಎಂಬ ಅನುಮಾನ ಇರಲಿ. ಮಾಸ್ಕಿನ ಬಗೆ ಬದಲಿಸಿದರೆ ಮಷೀನಿನ ಮೆನುವಿನಲ್ಲೂ ಬದಲಿಸಿ: ಮೂಗಿನದು, ಹೊಳ್ಳೆಗೆ ಕೂರುವ ಪುಟ್ಟ ದಿಂಬಿನದು (ಪಿಲ್ಲೋ), ಪೂರ್ತಿ ಮುಖದ್ದು. ಇದು ತಪ್ಪಿದರೆ ಮಷೀನಿನ ಲೆಕ್ಕವೂ ತಪ್ಪುತ್ತದೆ.

ಒತ್ತಡ ಬದಲಿಸುವ ಮೆನು ಸಾಮಾನ್ಯ ಮೆನುವಿನಲ್ಲಿ ಇರುವುದಿಲ್ಲ, ಚಿಕಿತ್ಸಕರಿಗೆಂದು ಬೇರೆ ಇಟ್ಟಿರುತ್ತಾರೆ. ಏರ್‌ಸೆನ್ಸ್ 10ರಲ್ಲಿ ಹೋಮ್ ಗುಂಡಿಯನ್ನೂ ತಿರುಗಿಸುವ ಗುಂಡಿಯನ್ನೂ ಒಟ್ಟಿಗೆ 3 ಸೆಕೆಂಡು ಒತ್ತಿ ಹಿಡಿದರೆ ಅದು ತೆರೆಯುತ್ತದೆ. ಬೇರೆ ಮಷೀನುಗಳಿಗೆ ಅವವುಗಳ ಚಿಕಿತ್ಸಕರ ಕೈಪಿಡಿ ನೋಡಬೇಕು.

ಈಗ ಕನಿಷ್ಠ ಒತ್ತಡ. ಎಲ್ಲರೂ ಗರಿಷ್ಠದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಕೆಲಸ ಮಾಡುವುದು ಕನಿಷ್ಠ. ಒಂದು ವಾರದ ಲೆಕ್ಕದಲ್ಲಿ ಮಧ್ಯಮ ಒತ್ತಡ (ಅರ್ಧ ಸಮಯ ಇದರ ಕೆಳಗೆ, ಅರ್ಧ ಸಮಯ ಮೇಲೆ) 9.4, 95 ಶೇಕಡಾ ಒತ್ತಡ 11.2 ಅಂತಿಟ್ಟುಕೊಳ್ಳಿ. ಕನಿಷ್ಠ ಇನ್ನೂ 4ರಲ್ಲೇ ಇದ್ದರೆ ಮಷೀನು ರಾತ್ರಿಯಿಡೀ ಓಡೋಡಿ ಹಿಡಿಯುವ ಕೆಲಸ ಮಾಡುತ್ತಿದೆ. ಒಂದೇ ಸಲ 9ಕ್ಕೆ ಹಾರಬೇಡಿ. ಒಂದೊಂದು ಸೆಂ.ಮೀ. ಏರಿಸುತ್ತಾ ಮಧ್ಯಮ ಒತ್ತಡಕ್ಕೆ ಸ್ವಲ್ಪ ಕೆಳಗೆ ಬಂದು ನಿಲ್ಲಿ. ಪ್ರತಿ ಬದಲಾವಣೆಗೂ 4–5 ರಾತ್ರಿ, ಸಾಧ್ಯವಾದರೆ ಒಂದು ವಾರ ಕೊಡಿ. ಲ್ಯಾಬಿನಲ್ಲಿ ಪ್ರತಿ ಸಲ ಕಡೇಪಕ್ಷ 5 ನಿಮಿಷ ಬಿಟ್ಟು ಏರಿಸುತ್ತಾ ಹೋಗುತ್ತಾರೆ ನಿಜ, ಅಲ್ಲಿ ತಂತ್ರಜ್ಞರೊಬ್ಬರು ರಾತ್ರಿಯಿಡೀ ಎದ್ದು ನೋಡುತ್ತಿರುತ್ತಾರೆ. ನಿಮ್ಮ ಮನೆಯಲ್ಲಿ ಎಲ್ಲರೂ ಮಲಗಿರುತ್ತಾರೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಕನಿಷ್ಠವನ್ನೂ ಇಪಿಆರನ್ನೂ ಒಂದೇ ರಾತ್ರಿ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಹೇಳುವವರು ಯಾರು?

ಗರಿಷ್ಠವನ್ನು 95 ಶೇಕಡಾ ಒತ್ತಡಕ್ಕಿಂತ 2–3 ಮೇಲೆ ಇಟ್ಟರೆ ಸಾಕಾಗುವುದು ಹೆಚ್ಚು. ಮಷೀನು ಪದೇಪದೇ ಆ ಗೋಡೆಗೆ ತಲೆ ಬಡಿಯುತ್ತಿದ್ದರೆ ಸಡಿಲಿಸಿ. ರ‍್ಯಾಂಪ್ ಬಳಸುವವರು ಶುರುವಿನ ಒತ್ತಡವನ್ನು 4ರಿಂದ 6ಕ್ಕೋ 7ಕ್ಕೋ ಏರಿಸಿ ನೋಡಿ. ತೇವಾಂಶ, ಪೈಪಿನ ಬಿಸಿ ಇವು ನಿಮ್ಮ ಹಿತಕ್ಕೆ ಬಿಟ್ಟದ್ದು. ಪೈಪಿನಲ್ಲಿ ನೀರು ಗುಳುಗುಳು ಅಂದರೆ ತೇವ ಇಳಿಸಿ ಅಥವಾ ಬಿಸಿ ಏರಿಸಿ.

ನಿಲ್ಲಬೇಕಾದ ಗುರುತು ಒಂದಿದೆ. ಒತ್ತಡ ಏರಿಸಿದ ಮೇಲೆ ವರದಿಯಲ್ಲಿ ಗಂಟಲು ಮುಚ್ಚಿದ ಘಟನೆಗಳು ಕಡಿಮೆಯಾಗಿ, ‘ಗಂಟಲು ತೆರೆದಿದ್ದೂ ಉಸಿರಿಲ್ಲ’ ಎಂಬ ಸಿಎ ಘಟನೆಗಳು ಏರುತ್ತಿದ್ದರೆ ಹಿಂದಿನ ಅಂಕಿಗೆ ಬನ್ನಿ. ಅದು ಒತ್ತಡ ಏರಿಸಿ ವಾಸಿ ಮಾಡುವ ಸಮಸ್ಯೆಯಲ್ಲ, ಏರಿಸಿದರೆ ಕೆಲವೊಮ್ಮೆ ಇನ್ನೂ ಹೆಚ್ಚುತ್ತದೆ. ಹಿಂದೆ ಬಂದ ಮೇಲೂ ಮುಂದುವರಿದರೆ ವರದಿ ಹಿಡಿದುಕೊಂಡು ವೈದ್ಯರ ಬಳಿ ಹೋಗಿ. ಹಾಗೆಯೇ ಎಎಚ್‌ಐ ಚೆನ್ನಾಗಿದ್ದೂ ಹಗಲು ಮಂಪರು ಬಿಡದಿದ್ದರೂ ಹೋಗಿ. ಮಷೀನಿಗೆ ನಿಮ್ಮ ರಕ್ತದ ಆಮ್ಲಜನಕ ಗೊತ್ತಿಲ್ಲ, ನೀವು ನಿಜವಾಗಿ ನಿದ್ದೆ ಮಾಡಿದ್ದಿರಾ ಅಂತಲೂ ಗೊತ್ತಿಲ್ಲ. ಎಚ್ಚರವಾಗಿ ಹೊರಳಾಡಿದ್ದನ್ನೂ ಅದು ಗಂಟೆಯ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ತೂಕಡಿಕೆ ಇರುವಷ್ಟು ದಿನ ಗಾಡಿ ಓಡಿಸಬೇಡಿ.

ಹಳೆ ಮಷೀನಿನಲ್ಲಿ ಇನ್ನೂ ಜೀವ ಇದ್ದರೆ, ವಾಪಸ್ ಕರೆದ ಪಟ್ಟಿಯಲ್ಲೂ ಅದು ಇಲ್ಲದಿದ್ದರೆ, ಎಸೆಯಬೇಡಿ. ನೀರು ಚೆಲ್ಲಿ, ತೊಟ್ಟಿ ಒಣಗಿಸಿ, ಹೊಸ ಫಿಲ್ಟರ್ ಹಾಕಿ ಚೀಲದಲ್ಲಿಡಿ. ಈಗಿನ ಸೆಟ್ಟಿಂಗ್ ಅದರಲ್ಲೂ ಹಾಕಿಡಿ. ಬ್ಯಾಟರಿಯಲ್ಲಿ ಓಡಿಸುವ ಯೋಚನೆ ಇದ್ದರೆ ಏರ್‌ಸೆನ್ಸ್‌ಗೆ 24 ವೋಲ್ಟ್, ಡ್ರೀಮ್‌ಸ್ಟೇಷನ್‌ಗೆ 12 ವೋಲ್ಟ್ ಬೇಕು ಅನ್ನುವುದು ನೆನಪಿರಲಿ, ಒಂದರ ವೈರು ಇನ್ನೊಂದಕ್ಕೆ ಆಗದು. ನೀರು ಬಿಸಿ ಮಾಡುವುದನ್ನೂ ಪೈಪಿನ ಬಿಸಿಯನ್ನೂ ಆಫ್ ಮಾಡಿದರೆ ಅದೇ ಬ್ಯಾಟರಿ ಎಷ್ಟೋ ಹೆಚ್ಚು ಹೊತ್ತು ಬರುತ್ತದೆ. ನನ್ನ ಹಳೆಯದು ಈಗ ಮಂಚದ ಕೆಳಗೆ ಚೀಲದಲ್ಲಿದೆ, 9ರಿಂದ 13ಕ್ಕೇ ಇಟ್ಟಿದ್ದೇನೆ.